ಕಾಲ್ಬೆರಳು ನೋಡುವ ವಸ್ತಾದ

ನದಿಯ ದಂಡೆಯ ಮೇಲೆ ಒಂದು ಗರಡಿಮನೆ ಇತ್ತು. ಅದನ್ನು ನಡೆಸುತ್ತಿದ್ದವರು ಬಾಳಪ್ಪ ಎಂಬ ಮುದುಕರು. ಶಿಷ್ಯರು ಅವರನ್ನು ವಸ್ತಾದರು, ಅಂದರೆ ಕುಸ್ತಿಯ ಗುರುಗಳು, ಎನ್ನುತ್ತಿದ್ದರು.

ಅವರು ಕುಸ್ತಿ ಕಲಿಸುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಈಗ ಪೈಲ್ವಾನರ ಉಳುಕಿದ, ಬಿಗಿದ ಮೈಗಳನ್ನು ಸರಿಪಡಿಸುತ್ತಿದ್ದರು.

ಲಗಮಣ್ಣ ಎಂಬ ಯುವ ಪೈಲ್ವಾನ ಅಲ್ಲಿಗೆ ಬಂದದ್ದು ಬಲಭುಜ ತೋರಿಸಲು. ಹನ್ನೆರಡು ದಿನ ಕಳೆದರೆ ರಾಜ್ಯದ ತಂಡಕ್ಕೆ ಆಯ್ಕೆಯ ಕುಸ್ತಿ. ಮೂರು ವರ್ಷ ಅವನು ಆ ಒಂದು ದಿನಕ್ಕಾಗಿಯೇ ಮೈ ಹುರಿಗೊಳಿಸಿದ್ದ.

ವಸ್ತಾದರು ಅವನನ್ನು ಚಾಪೆಯ ಮೇಲೆ ಮಲಗಿಸಿ, ಭುಜದ ಮೇಲೆ ಹೆಬ್ಬೆರಳು ಇಟ್ಟರು.

"ನೋವೈತೇನು?"

"ಇಲ್ರೀ. ಸ್ವಲ್ಪ ಬಿಗಿ ಆಗೈತಿ, ಅಷ್ಟ."

ಒತ್ತಿದರು.

"ಈಗ?"

"ಏನೂ ಇಲ್ರೀ."

ಅವನ ಹುಬ್ಬು ಕೂಡ ಅಲುಗಲಿಲ್ಲ. ಕುಸ್ತಿಯವರಿಗೆ ಅದು ಮೊದಲ ಪಾಠ. ನೋವು ಎಲ್ಲಿದೆ ಎಂದು ಮುಖ ಹೇಳಿದರೆ ಎದುರಾಳಿ ಅಲ್ಲಿಗೇ ಕೈ ಹಾಕುತ್ತಾನೆ. ಲಗಮಣ್ಣ ಆ ಪಾಠವನ್ನು ಚೆನ್ನಾಗಿ ಕಲಿತಿದ್ದ.

ವಸ್ತಾದರು ಅವನ ಮುಖ ನೋಡುತ್ತಿರಲಿಲ್ಲ. ಚಾಪೆಯ ಆಚೆ ತುದಿಯನ್ನು ನೋಡುತ್ತಿದ್ದರು. ಅಲ್ಲಿ ಅವನ ಕಾಲ್ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು.

"ನಾಳೆಯಿಂದ ಎದಿಮಟ ನೀರಾಗ ನಿಂತು ತೋಳು ಆಡಿಸು," ಎಂದರು. "ಆಮ್ಯಾಲೆ ಒಂದು ಕೊಡ ನೀರು ಸೊಂಟದ ತನಕ ಎತ್ತು, ಇಳಿಸು. ಹತ್ತು ಸಲ. ಅದಕ್ಕಿಂತ ಹೆಚ್ಚು ಬ್ಯಾಡ."

"ಕುಸ್ತಿ?"

"ಕೊಡ ಎತ್ತು."

ಮರುದಿನ ಲಗಮಣ್ಣ ನೀರಿಗೆ ಇಳಿದ. ದಂಡೆಯ ಮೇಲೆ ಲುಂಗಿ ಹಿಂಡುತ್ತಿದ್ದ ಹಿರಿಯ ಶಿಷ್ಯ ತವನಪ್ಪ ನಕ್ಕ.

"ಏನೋ ಲಗಮ್ಯಾ, ಮೀನಿಗೆ ಆರತಿ ಎತ್ತಾಕತ್ತೀಯೇನು?"

ಲಗಮಣ್ಣ ಮೇಲೆ ಬಂದು ನೇರವಾಗಿ ವಸ್ತಾದರ ಬಳಿ ಹೋದ.

"ಇದರಿಂದ ಏನಾಗತೈತ್ರೀ?"

"ನೋವಿನಾಗ ಎರಡು ನಮೂನಿ," ಎಂದರು ವಸ್ತಾದರು. "ಒಂದು ದುಡಿದದ್ದರ ನೋವು. ಸಂಜಿಗೆ ಬರತೈತಿ, ಮಲಗಿ ಎದ್ದರ ಹೋಗಿರತೈತಿ. ಅದಕ್ಕ ಅಂಜಬ್ಯಾಡ. ಇನ್ನೊಂದು ಮುಂಜಾನಿಗೂ ಅಲ್ಲೇ ಕುಂತಿರತೈತಿ. ಅದು ಇದ್ದರ ನನಗ ಹೇಳು."

"ನನಗ ಯಾವುದೂ ಇಲ್ರೀ."

ವಸ್ತಾದರು ಕೆಳಗೆ ನೋಡಿದರು. ಅವನ ಕಾಲ್ಬೆರಳುಗಳು ಮರಳಿನಲ್ಲಿ ಹೂತಿದ್ದವು.

ಪ್ರತಿ ಬೆಳಿಗ್ಗೆ ಅವರು ಕೇಳುತ್ತಿದ್ದರು, "ಮುಂಜಾನಿ ಹೆಂಗಿತ್ತು?"

ಪ್ರತಿ ಬೆಳಿಗ್ಗೆ ಅವನು ಹೇಳುತ್ತಿದ್ದ, "ಚಲೋ ಇತ್ರೀ."

ಹಾಗೆ ಹೇಳಿದಾಗಲೆಲ್ಲ ವಸ್ತಾದರು ಅವನ ಕೆಲಸವನ್ನು ಕಡಿಮೆ ಮಾಡಿದರು. ತುಂಬಿದ ಕೊಡ ಹೋಗಿ ಅರ್ಧ ಕೊಡ ಬಂತು. ಅರ್ಧ ಕೊಡ ಹೋಗಿ ತಂಬಿಗೆ. ಎಂಟನೆಯ ದಿನ ಅವನ ಕೈಯಲ್ಲಿ ಖಾಲಿ ತಂಬಿಗೆ ಇತ್ತು.

"ನಾಳೆ ಚಮಚ ಕೊಡತಾರ ನೋಡು," ಎಂದ ತವನಪ್ಪ.

ಲಗಮಣ್ಣ ತಂಬಿಗೆಯನ್ನು ನೆಲಕ್ಕೆ ಎಸೆದ. ಎಡಗೈಯಿಂದ ಎಸೆದ.

ಹತ್ತನೆಯ ದಿನ ಅವನು ಬಟ್ಟೆಯ ಪಟ್ಟಿ ಹಿಡಿದುಕೊಂಡು ವಸ್ತಾದರ ಮುಂದೆ ನಿಂತ.

"ಚಲೋ ಐತಿ ಅಂದಷ್ಟೂ ಕೆಲಸ ಕಡಿಮಿ ಮಾಡಿದ್ರಿ. ಸಾಕ್ರೀ. ನಾಡದ್ದು ಕುಸ್ತಿ ಐತಿ. ಗಟ್ಟಿಗೆ ಪಟ್ಟಿ ಕಟ್ಟಿಬಿಡ್ರಿ. ನನಗ ಭುಜಾನ ಇಲ್ಲ ಅನ್ನಿಸಬೇಕು."

ವಸ್ತಾದರು ಎದ್ದು ಒಳಗಿನ ಗೋಡೆಯ ಹತ್ತಿರ ಹೋದರು. ಅಲ್ಲಿ ಒಂದು ಜೊತೆ ಮರದ ಗದೆಗಳು ತೂಗುತ್ತಿದ್ದವು. ಹಿಡಿಕೆ ಸವೆದಿತ್ತು. ವಾರಕ್ಕೊಮ್ಮೆ ಅವಕ್ಕೆ ಎಣ್ಣೆ ಹಚ್ಚುತ್ತಿದ್ದರು. ಯಾರೂ ಅವನ್ನು ತಿರುಗಿಸಿದ್ದನ್ನು ಲಗಮಣ್ಣ ನೋಡಿರಲಿಲ್ಲ.

"ಯಾರವ್ರೀ ಇವು?"

"ನನ್ನ ಮಗ ಕಲ್ಮೇಶನವು."

ಬಾಗಿಲ ಬಳಿ ಕುಳಿತಿದ್ದ ತವನಪ್ಪ ಎದ್ದು ಸದ್ದಿಲ್ಲದೆ ಹೊರಗೆ ಹೋದ.

"ಅವನ ಮುಖ ತಯಾರ ಮಾಡಿದವ ನಾನ," ಎಂದರು ವಸ್ತಾದರು. "ಏಳು ವರ್ಷದವ ಇದ್ದಾಗಿಂದ. ಎಷ್ಟು ಒತ್ತಿದರೂ ಅಲುಗತಿರಲಿಲ್ಲ. ನನಗ ಭಾಳ ಹೆಮ್ಮಿ ಇತ್ತು."

ಲಗಮಣ್ಣ ಗದೆಗಳ ಸವೆದ ಹಿಡಿಕೆಯನ್ನು ನೋಡಿದ.

"ಒಂದು ದಿನ ಕುತ್ತಿಗಿ ಮ್ಯಾಲೆ ಬಿದ್ದ. ನೋವೈತೇನಪ್ಪಾ ಅಂತ ಕೇಳಿದೆ. ಇಲ್ಲಪ್ಪಾ ಅಂದ. ಮುಖ ನೋಡಿದೆ. ಮುಖದಾಗ ಏನೂ ಇರಲಿಲ್ಲ. ಹಂಗಾರ ನಡಿ, ಆಡು ಅಂದೆ."

"ಆಮ್ಯಾಲೆ?"

"ಮೂರನೇ ದಿನ ಕಣಕ್ಕ ಇಳಿದವ ಏಳಲಿಲ್ಲ."

ವಸ್ತಾದರು ಗದೆಯ ಹಿಡಿಕೆಯನ್ನು ಮುಟ್ಟಿ ಕೈ ತೆಗೆದರು.

"ಅವತ್ತು ಅವನ ಕಾಲು ನಾನು ನೋಡಿರಲಿಲ್ಲ."

ಅವರು ಚಾಪೆ ಹಾಸಿದರು.

"ಪಟ್ಟಿ ನಿನ್ನ ಕೈಯಾಗ ಇರಲಿ. ಕಟ್ಟೂದು ಬಿಡೂದು ಆಮ್ಯಾಲೆ. ಮೊದಲ ಒಂದು ಮಾತು ಕೇಳತೀನಿ. ಮಲಗು."

ಲಗಮಣ್ಣ ಮಲಗಿದ. ವಸ್ತಾದರು ಭುಜದ ಮೇಲೆ ಹೆಬ್ಬೆರಳು ಇಟ್ಟರು. ಈ ಸಲ ಅವರು ಚಾಪೆಯ ತುದಿಯನ್ನು ನೋಡಲಿಲ್ಲ. ಅವನ ಮುಖವನ್ನೇ ನೋಡಿದರು.

"ನೋವೈತೇನಪ್ಪಾ?"

ಅವರು ಇನ್ನೂ ಒತ್ತಿರಲಿಲ್ಲ. ಬೆರಳು ಸುಮ್ಮನೆ ಅಲ್ಲಿತ್ತು.

ಲಗಮಣ್ಣ ಮೇಲಿನ ಜಂತಿಯನ್ನು ನೋಡಿದ. ಮೊದಲು ಅವನ ಹುಬ್ಬು ಅಲುಗಿತು. ಆಮೇಲೆ ತುಟಿ.

"ಐತ್ರೀ," ಎಂದ. "ಭಾಳ ಐತಿ. ಮುಂಜಾನಿಗೂ ಇರತೈತಿ. ಕೈ ತಲಿಮಟ ಎತ್ತಾಕ ಆಗೂದಿಲ್ರೀ."

ಎಡಗೈಯಲ್ಲಿದ್ದ ಪಟ್ಟಿಯನ್ನು ಅವನು ಚಾಪೆಯ ಆಚೆ ಇಟ್ಟ.

"ನಾಡದ್ದು ನಾ ಇಳಿಯೂದಿಲ್ಲ."

ಅವನ ಕಾಲ್ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ವಸ್ತಾದರು ಅದನ್ನು ನೋಡಲಿಲ್ಲ. ಅವರ ಕಣ್ಣು ಅವನ ಮುಖದ ಮೇಲೆಯೇ ಇತ್ತು.

"ಇನ್ನೊಂದು ಸಲ ಹೇಳಪ್ಪಾ," ಎಂದರು. "ನೋವೈತಿ ಅಂತ ಇನ್ನೊಂದು ಸಲ ಹೇಳು."