ಬಡಗಿಯೂ ಕೆರೆನೀರಿನ ಹನಿಯೂ

“ಗುರುಗಳೇ, ತೀರಿಹೋದವರ ಹಂಬಲ ಕಡಿಮೆಯಾಗಲು ಏನು ಮಾಡಬೇಕು?” ಎಂದು ಶಿಷ್ಯನೊಬ್ಬ ಕೇಳಿದ. ಅವನ ತಾಯಿ ತೀರಿಕೊಂಡು ಮೂರು ತಿಂಗಳಾಗಿತ್ತು.

ಗುರುಗಳು ಹೇಳಿದರು:

ಒಬ್ಬ ಬಡಗಿಯಿದ್ದ. ಅವನಿಗೆ ಒಬ್ಬಳೇ ಮಗಳು. ಅವಳು ಓದಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಕೆರೆಯ ನೀರಿನಲ್ಲಿರುವ, ಬರಿಗಣ್ಣಿಗೆ ಕಾಣದ ಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವಳ ಕೆಲಸ. ಒಮ್ಮೆ ಬಂದು ನೋಡಪ್ಪ ಎಂದು ಎಷ್ಟೋ ಸಲ ಕರೆದಿದ್ದಳು. ಅವನಿಗೆ ಪುರುಸೊತ್ತಾಗಲಿಲ್ಲ. ಮನೆಗೆ ತಡವಾಗಿ ಬರುತ್ತಾಳೆಂದು ಬೈಯುವುದಕ್ಕೆ ಮಾತ್ರ ಪುರುಸೊತ್ತಿತ್ತು. ಒಮ್ಮೆ ಜ್ವರ ಬಂದು ಅವಳು ತೀರಿಕೊಂಡಳು. ಅವಳ ಸೂಕ್ಷ್ಮದರ್ಶಕ, ಅದರ ಗಾಜಿನ ಪಟ್ಟಿ, ತೆಳುಗಾಜುಗಳೊಡನೆ ಕಾಲೇಜಿನಿಂದ ಮನೆಗೆ ಬಂತು.

ಬಡಗಿ ಅದನ್ನು ಕಿಟಕಿಯ ಬಳಿ ಇಟ್ಟುಕೊಂಡ. ಮಗಳು ಏನನ್ನು ನೋಡುತ್ತಿದ್ದಳೋ ಅದನ್ನು ನೋಡಬೇಕು ಎಂಬುದೊಂದೇ ಅವನ ಆಸೆ. ಕೆರೆಯಿಂದ ನೀರು ತಂದ. ಗಾಜಿನ ಪಟ್ಟಿಯ ಮೇಲೆ ಹನಿ ಹಾಕಿ, ತೆಳುಗಾಜನ್ನು ಮೇಲಿಟ್ಟು, ಮರಕ್ಕೆ ಮರ ಕೂಡಿಸುವವನಂತೆ ಹೆಬ್ಬೆರಳಿನಿಂದ ಒತ್ತಿದ. ಗಾಜು ಒಡೆಯಿತು. ಇನ್ನೊಂದೂ ಒಡೆಯಿತು. ಮೂರನೆಯದರಲ್ಲಿ ಕಪ್ಪು ಅಂಚಿನ ದುಂಡನೆಯ ಆಕಾರಗಳು ಕಂಡವು. ಹೆಂಡತಿಯನ್ನು ಕರೆದು ತೋರಿಸಿದ. ಹತ್ತು ದಿನ ಅವನ್ನೇ ನೋಡಿ ನೋಡಿ ಕಣ್ಣೊರೆಸಿಕೊಂಡ.

ಮಗಳ ಜೊತೆ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬಳು ಮಾತಾಡಿಸಿಕೊಂಡು ಹೋಗಲು ಬಂದಳು. ಅವಳಿಗೂ ತೋರಿಸಿದ. ಅವಳು ಬಗ್ಗಿ ಕಣ್ಣಿಟ್ಟು ನೋಡಿದಳು. ಆಮೇಲೆ, “ಅಪ್ಪಾಜಿ, ಇವು ಗಾಳಿಯ ಗುಳ್ಳೆಗಳು,” ಎಂದಳು.

ಬಡಗಿ ತಲೆ ತಗ್ಗಿಸಿದ. “ಹಾಗಾದರೆ ನೀನೇ ಹೇಳಿಕೊಡು, ತಾಯಿ,” ಎಂದ.

ಅವಳು ಪಕ್ಕದಲ್ಲಿ ಕುಳಿತು ಕಲಿಸಿದಳು. ಪಾಚಿಯ ಒಂದು ಎಳೆಯನ್ನು ಹನಿಯಲ್ಲಿಡಬೇಕು. ತೆಳುಗಾಜನ್ನು ಓರೆಯಾಗಿ ಹಿಡಿದು ಒಂದಂಚನ್ನು ಮಾತ್ರ ನೀರಿಗೆ ತಾಗಿಸಬೇಕು. ಉಳಿದದ್ದನ್ನು ಸೂಜಿಯ ಮೊನೆಯ ಆಸರೆಯಲ್ಲಿ ಮೆಲ್ಲಗೆ ಇಳಿಬಿಡಬೇಕು. ಆಗ ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಒತ್ತಬಾರದು, ಒತ್ತಿದರೆ ಒಳಗಿನ ಜೀವ ನುಜ್ಜಾಗುತ್ತದೆ. ನೀರು ಆರುತ್ತ ಬಂದರೆ ಅಂಚಿಗೆ ಇನ್ನೊಂದು ಹನಿ ಬಿಡಬೇಕು. ಕಲಿಸುತ್ತ ಅವಳು ಮತ್ತೊಂದು ವಿಷಯ ಹೇಳಿದಳು. ಮಗಳು ನೋಡಿ ಮುಗಿಸಿದ ಹನಿಯನ್ನು ಎಂದೂ ಒರೆಸಿ ಎಸೆದವಳಲ್ಲ. ಸಂಜೆ ಕೆರೆಯವರೆಗೆ ನಡೆದುಹೋಗಿ, ಆ ನೀರನ್ನು ಅಲ್ಲಿಗೇ ಬಿಟ್ಟು ಮನೆಗೆ ಬರುತ್ತಿದ್ದಳು.

ಬಡಗಿಯ ಕೈ ಹಗುರಾಗಲು ಒಂದು ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ ಪಾಚಿಯ ಎಳೆಯ ಮೇಲೆ, ದಾರದಂಥ ಕಾಂಡದ ತುದಿಯಲ್ಲಿ, ಗಂಟೆಯಾಕಾರದ ಜೀವವೊಂದು ಕಂಡಿತು. ಅವನ ಮೊಣಕೈ ಮೇಜಿಗೆ ತಾಗಿತು. ಅದು ಸುರುಳಿ ಸುತ್ತಿಕೊಂಡು ಕುಗ್ಗಿತು. ಅವನು ಅಲುಗದೆ ಕುಳಿತ. ಅದು ಮೆಲ್ಲಗೆ ಚಾಚಿಕೊಂಡು ಬಾಯಿ ತೆರೆಯಿತು. ಅಂಚಿಗೆ ಹನಿ ಬಿಡುತ್ತ ಅದನ್ನೇ ನೋಡಿದ. ಊಟಕ್ಕೆ ಕರೆದದ್ದು ಅವನಿಗೆ ಕೇಳಿಸಲಿಲ್ಲ. ಸಂಜೆ ಆ ಹನಿಯನ್ನು ಬಟ್ಟಲಿನ ನೀರಿಗೆ ಇಳಿಸಿ, ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಕೆರೆಗೆ ನಡೆದ. ನೀರನ್ನು ಬಿಟ್ಟು ದಂಡೆಯ ಮೇಲೆ ಕುಳಿತ. ಅವನು ಮನೆಗೆ ಬಂದಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಆಗ ಅವನ ಹಂಬಲ ಕಡಿಮೆಯಾಯಿತೇ?” ಎಂದು ಶಿಷ್ಯ ಕೇಳಿದ.

“ಹೆಚ್ಚಾಯಿತು, ಅವನಿಗೆ ಮಗಳ ಪರಿಚಯವಾದದ್ದು ಅಂದೇ,” ಎಂದರು ಗುರುಗಳು.