ಜೋಡಿಗೂಟದ ಗುಡ್ಡ

ಗೋರಮಾದಿನ್ನಿಯ ಪಡುವಣಕ್ಕೆ, ಎರೆಹೊಲಗಳು ಮುಗಿಯುವಲ್ಲಿ, ಕರಿ ಬಂಡೆಗಳನ್ನು ಯಾರೋ ಸಿಟ್ಟಿನಿಂದ ಎಸೆದು ಹೋದಂತೆ ಕಾಣುವುದೇ ಜೋಡಿಗೂಟದ ಗುಡ್ಡ. ಎತ್ತರದಲ್ಲಿ ಇದನ್ನು ಮೀರಿಸುವ ಗುಡ್ಡಗಳು ಬೇಕಾದಷ್ಟಿವೆ. ಗತ್ತಿನಲ್ಲಿ ಮೀರಿಸುವುದಿದ್ದರೆ ಯಾರಾದರೂ ತಂದು ತೋರಿಸಲಿ. ಮೇಲೆ ಹೋಗಲು ಒಂದೇ ದಾರಿ, ಎರಡು ಬಂಡೆಗೋಡೆಗಳ ನಡುವಿನ ಇಕ್ಕಟ್ಟಾದ ಇಳಿಜಾರು. ಪೇಟೆಯಿಂದ ಬಂದವರು ಅರ್ಧಕ್ಕೇ ಕುಳಿತು ನೀರಿನ ಬಾಟಲಿ ತೆಗೆಯುತ್ತಾರೆ. ನಾನು ಹೆಗಲ ಮೇಲೆ ಟಗರುಮರಿ ಹೊತ್ತು ಎಲ್ಲೂ ನಿಲ್ಲದೆ ಏರಿದವನು. ನೆತ್ತಿಯ ಮೇಲೆ ಎರಡು ಬಂಡೆ ಗೂಟದಂತೆ ನಿಂತಿರುವುದರಿಂದ ಈ ಹೆಸರು ಬಂತೆಂದು ನೆರೆಯೂರಿನವರು ಹೇಳಿಕೊಂಡು ತಿರುಗುತ್ತಾರೆ. ಅವರಿಗೆ ಕಣ್ಣಿದೆ, ಕಿವಿಯಿಲ್ಲ. ಈ ಹೆಸರು ನಮ್ಮ ಮನೆತನದ ಹೆಂಗಸೊಬ್ಬಳಿಂದ ಬಂದದ್ದು, ಕಥೆ ನಮ್ಮ ಅಜ್ಜಿಯರ ಬಾಯಿಂದ ಇಳಿದದ್ದು. ಆದ್ದರಿಂದ ನಾನು ಹೇಳಿದ್ದೇ ಸರಿ.

ಹಿಂದೆ ಒಮ್ಮೆ, ಎರೆಗೋಟೆಯಲ್ಲಿ ಕೆಂಚನಾಯಕನೆಂಬವನು ಆಳುತ್ತಿದ್ದ ಕಾಲ. ಅವನು ಹೊತ್ತುಕೊಂಡು ಹೋದ ಹೆಣ್ಣುಗಳಲ್ಲಿ ಒಬ್ಬಳು ಓಡಿಹೋಗಲು ನೋಡಿದಾಗ ಅವಳನ್ನು ಜೀವಂತ ಸುಣ್ಣದ ಗೂಡಿಗೆ ಹಾಕಿಸಿದ್ದನಂತೆ. ಅದನ್ನು ಕಣ್ಣಾರೆ ನೋಡಿಯೂ ಕೋಟೆಯ ಗೋಡೆ ಹಾರಿದವಳು ನಿಂಬೆವ್ವ. ಬೆನ್ನಿನ ಚರ್ಮ ಚಾಟಿಯೇಟಿಗೆ ಸುಲಿದುಹೋಗಿತ್ತು. ನಸುಕಿನಲ್ಲಿ ನಮ್ಮೂರು ಹೊಕ್ಕಾಗ ಅವಳಿಗೆ ಮೊದಲು ಕೇಳಿಸಿದ್ದು ಬರಮವ್ವನ ಮನೆಯ ಬೀಸುಕಲ್ಲಿನ ಸದ್ದು. ಬರಮವ್ವ ಊರಿನಲ್ಲೆಲ್ಲ ಮೆತ್ತಗಿನ ಹೆಂಗಸು. ಗಂಡ ಅಮರಪ್ಪ ಹೊಡೆದರೂ ಅತ್ತ ದನಿ ಗೋಡೆಯಾಚೆ ಹೋದದ್ದಿಲ್ಲ. ಬಾಗಿಲಲ್ಲಿ ಕುಸಿದವಳನ್ನು ಒಳಗೆ ಕರೆದು, ಬೆನ್ನಿಗೆ ಬೆಣ್ಣೆ ಸವರಿ, ರೊಟ್ಟಿ ಕೊಟ್ಟು, ಮತ್ತೆ ಬೀಸಲು ಕುಳಿತಳು. ಉಂಡ ಋಣಕ್ಕೆ ನಿಂಬೆವ್ವ ಎದುರು ಕುಳಿತು ತಾನೂ ಕಲ್ಲು ತಿರುವುವ ಗೂಟಕ್ಕೆ ಕೈ ಹಾಕಿದಳು. ಪರನಾಡಿನವಳಿಗೆ ನಮ್ಮ ಕಟ್ಟಳೆ ಏನು ಗೊತ್ತು? ನಮ್ಮಲ್ಲಿ ಒಂದೇ ಗೂಟ ಹಿಡಿದು ಬೀಸಿದವರು ಒಡಹುಟ್ಟಿದವರು. ಅದಕ್ಕಾಗಿಯೇ ಹಾದಿಹೋಕರಿಗೆ ಯಾರೂ ಗೂಟ ಕೊಡುವುದಿಲ್ಲ. ಬರಮವ್ವ ಅವಳ ಕೈ ತಡೆಯಲಿಲ್ಲ. ಬೆಂಕಿ ಕೇಳಲು ಬಂದ ಮುದುಕಿ ಹುಲಿಗೆವ್ವ ಇದನ್ನು ಕಂಡು, "ಮುಗೀತು ಬಿಡಬೇ, ನಿನ್ನ ರೊಟ್ಯಾಗ ಅರ್ಧ ಹೋತು. ನಿನ್ನ ಹೊಡತದಾಗೂ ಅರ್ಧ ಆಕಿಗೇ ಕೊಡು," ಎಂದಳಂತೆ.

ಬಿಸಿಲೇರುವ ಹೊತ್ತಿಗೆ ನಾಯಕನ ಡಂಗುರ ಬಂತು: ಹೆಣ್ಣನ್ನು ಒಪ್ಪಿಸಬೇಕು, ಇಲ್ಲವಾದರೆ ಊರಿಗೆ ಕೊಳ್ಳಿ. ಕಟ್ಟೆಯ ಮೇಲೆ ಕೂಡಿದ ಗಂಡಸರು ಒಪ್ಪಿಸುವುದೆಂದೇ ತೀರ್ಮಾನಿಸಿದರು. ಅಮರಪ್ಪ ಮನೆಗೆ ಬಂದು, "ಹೊರಗಿನಾಕಿ ಸಲುವಾಗಿ ಊರು ಸುಡಸ್ತಿಯೇನ?" ಎಂದ. ಬರಮವ್ವ ಮೊದಲ ಸಲ ಅವನ ಮುಖ ನೋಡಿ ಮಾತಾಡಿದಳು. "ಒಳಗಿನಾಕೀನ ನೀ ಏನ ಭಾಳ ಕಾಪಾಡಿದಿ?"

ಆಮೇಲೆ ಅವಳು ಬೀಸುಕಲ್ಲಿನ ಗೂಟ ಕಿತ್ತು ನಿಂಬೆವ್ವನ ಸೊಂಟಕ್ಕೆ ಸಿಕ್ಕಿಸಿ, ಸಿಂಬೆಯ ಮೇಲೆ ಮೇಲ್ಗಲ್ಲನ್ನು ಹೊತ್ತು ಅವಳೊಡನೆ ಗುಡ್ಡದ ಕಡೆ ನಡೆದಳು. ಹೆಂಗಸು ಮೇಲ್ಗಲ್ಲು ಹೊತ್ತು ಹೊಸ್ತಿಲು ದಾಟಿದರೆ ಆ ಮನೆಯ ಒಲೆ ಆರಿತೆಂದೇ ಅರ್ಥ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಹುಲಿಗೆವ್ವ ಒಳಗೆ ಹೋಗಿ ತನ್ನ ಕಲ್ಲನ್ನು ಎತ್ತಿಸಿಕೊಂಡು ಬಂದಳು. ಅವಳ ಹಿಂದೆ ಸೊಸೆ, ಸೊಸೆಯ ಹಿಂದೆ ಪಕ್ಕದ ಮನೆಯವಳು. ಹೀಗೆ ಊರಿನ ಮೇಲ್ಗಲ್ಲುಗಳೆಲ್ಲ ಹೆಂಗಸರ ತಲೆಯ ಮೇಲೆ ಗುಡ್ಡ ಏರಿದವು. ಕೆಳಗೆ ಅಮರಪ್ಪ ಖಾಲಿ ಹಗೇವಿಗೆ, ಅಂದರೆ ಕಾಳು ತುಂಬುವ ನೆಲಗುಂಡಿಗೆ, ಇಳಿದು ಮೇಲೆ ಹಾಸುಗಲ್ಲು ಎಳೆದುಕೊಂಡ.

ಗುಡ್ಡದ ಮೇಲೆ ಹೆಂಗಸರೇ ಇದ್ದಾರೆಂದು ತಿಳಿದು ನಾಯಕ ನಗುತ್ತಲೇ ಕುದುರೆಗಳನ್ನು ಇಳಿಜಾರಿಗೆ ನುಗ್ಗಿಸಿದ. ಅದು ಅವನ ಕೊನೆಯ ನಗೆ ಎನ್ನುತ್ತಾರೆ. ಮೊದಲ ಕಲ್ಲು ಬಿಟ್ಟವಳು ಹುಲಿಗೆವ್ವ. ಬಂಡಿಗಾಲಿಯಂತೆ ಉರುಳಿ ಬಂದ ಕಲ್ಲು ಮುಂದಿನ ಕುದುರೆಯ ಮೊಣಕಾಲು ಮುರಿದು, ಬಿದ್ದ ಸವಾರನ ಎದೆಗೂಡನ್ನು ಹಪ್ಪಳ ಮಾಡಿ ಮುಂದೆ ಹೋಯಿತು. ಮತ್ತೊಂದು ಬಂತು, ಇನ್ನೊಂದು ಬಂತು. ತಿರುಗಲು ಜಾಗವಿಲ್ಲದ ಓಣಿಯಲ್ಲಿ ಕುದುರೆಗಳು ತಮ್ಮವರನ್ನೇ ತುಳಿದವು. ತಲೆಗಳು ಬಂಡೆಗೆ ಬಡಿದು ಒಡೆದವು. ರಕ್ತ ಕಲ್ಲುಗಳ ಸಂದಿನಲ್ಲಿ ಹರಿದು ಬಯಲಿಗಿಳಿಯಿತು. ಕಲ್ಲುಗಳು ಮುಗಿದಾಗ ಹೆಣಗಳ ಮೇಲೆ ಹತ್ತಿ ಬಂದವನು ಕೆಂಚನಾಯಕನೊಬ್ಬನೇ. ಒಂದು ಕಣ್ಣು ಹೋಗಿತ್ತು, ಕೈಯಲ್ಲಿ ಕತ್ತಿ ಇತ್ತು. ನಿಂಬೆವ್ವನ ಕುತ್ತಿಗೆಗೆ ಬೀಸಿದ ಏಟಿಗೆ ಬರಮವ್ವ ಬಲಗೈ ಒಡ್ಡಿದಳು. ಕೈ ಮಣಿಕಟ್ಟಿನಿಂದ ಕಳಚಿ ಮಣ್ಣಿಗೆ ಬಿತ್ತು. ಅವನು ಎರಡನೆಯ ಏಟಿಗೆ ಕತ್ತಿ ಎತ್ತುವಷ್ಟರಲ್ಲಿ ನಿಂಬೆವ್ವ ಸೊಂಟದ ಜಾಲಿಗೂಟವನ್ನು ಅವನ ಗಂಟಲಿಗೆ ಇಳಿಸಿ, ಅವನು ಸಾಯುವವರೆಗೆ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಒತ್ತಿ ಹಿಡಿದಳು.

ಹೆಂಗಸರು ಸೀರೆ ಹರಿದು ಬರಮವ್ವನ ಮೊಂಡುಗೈ ಕಟ್ಟಿದರು, ಕಾಯಿಸಿದ ಎಣ್ಣೆ ಸುರಿದರು. ಕರೆಯಲು ಬಂದ ಅಮರಪ್ಪನಿಗೆ ಹುಲಿಗೆವ್ವ, "ಹಗೇವಿನ್ಯಾಗ ಗಾಳಿ ಹೆಂಗಿತ್ತೋ ತಮ್ಮಾ?" ಎಂದು ಕೇಳಿದಳು. ಅವನು ನಮ್ಮ ವಂಶದವನೇ. ಹಾಗೆಂದು ಅವನ ಪರ ವಹಿಸಲು ನಾನೇನು ಮೂರ್ಖನೇ? ಬರಮವ್ವ ಇಳಿಯಲಿಲ್ಲ. ಮಕ್ಕಳನ್ನೂ, ಉರುಳಿಹೋಗಿದ್ದ ತನ್ನ ಮೇಲ್ಗಲ್ಲನ್ನೂ, ಮನೆಯಲ್ಲಿದ್ದ ಕೆಳಗಲ್ಲನ್ನೂ ಮೇಲಕ್ಕೆ ತರಿಸಿಕೊಂಡು, ಗುಹೆಯೊಂದರಲ್ಲಿ ನಿಂಬೆವ್ವನೊಡನೆ ಸಂಸಾರ ಹೂಡಿದಳು. ಗಾಯ ಮಾಯ್ದ ಮೇಲೆ ಬೀಸಲು ಕುಳಿತರೆ ನಿಂಬೆವ್ವನ ಶಕ್ತಿಗೆ ಬರಮವ್ವನ ಎಡಗೈ ಸುಮ್ಮನೆ ಗೂಟದ ಹಿಂದೆ ಹೋಗುತ್ತಿತ್ತು. "ನೀ ಕುಂದ್ರವ್ವ, ನಾ ಬೀಸ್ತೀನಿ," ಎಂದಳು ನಿಂಬೆವ್ವ. "ಕುಂದ್ರಾಕ ಗುಡ್ಡ ಹತ್ತಿಲ್ಲ ನಾನು," ಎಂದಳು ಬರಮವ್ವ. ಮರುದಿನ ನಿಂಬೆವ್ವ ಉಳಿ ಹಿಡಿದು ಕಲ್ಲಿನ ಆಚೆ ಅಂಚಿನಲ್ಲಿ ಇನ್ನೊಂದು ಕುಳಿ ಕೊರೆದು, ಅದಕ್ಕೊಂದು ಗೂಟ ಬಡಿದಳು. ಒಬ್ಬಳು ತಳ್ಳಿದರೆ ಇನ್ನೊಬ್ಬಳು ಎಳೆಯಬೇಕು; ಯಾರೂ ಯಾರ ಹಿಂದೆಯೂ ಹೋಗುವಂತಿಲ್ಲ. ಗುಡ್ಡಕ್ಕೆ ಆ ಹೆಸರು ಅಂದಿನಿಂದ ನಿಂತಿತು.

ಗಂಡನ ಏಟು ತಾಳದವರು, ತವರಿಗೆ ಬೇಡವಾದವರು ಆಮೇಲೆ ಗುಡ್ಡ ಹತ್ತಿ ಬಂದರೆಂದೂ, ಬಂದವರಿಗೆಲ್ಲ ಮೊದಲು ರೊಟ್ಟಿ, ಆಮೇಲೆ ಗೂಟ ಸಿಕ್ಕಿತೆಂದೂ ಹೇಳುತ್ತಾರೆ. ಕಲ್ಲು ಇಂದಿಗೂ ಗುಹೆಯಲ್ಲಿದೆ. ಬೇಕಾದವರು ಬಂದು ನೋಡಬಹುದು. ಹಬ್ಬವಿಲ್ಲ, ಪೂಜಾರಿಯಿಲ್ಲ. ಒಮ್ಮೊಮ್ಮೆ ಎಲ್ಲಿಂದಲೋ ಒಬ್ಬಳೇ ಬಂದ ಹೆಂಗಸು, ಊದಿದ ಕೆನ್ನೆಗೆ ಸೆರಗು ಮುಚ್ಚಿಕೊಂಡು, ಕಲ್ಲಿನ ಬಾಯಿಗೆ ಹಿಡಿ ಜೋಳ ಸುರಿದು ಒಂದು ಗೂಟ ಹಿಡಿದು ಕೂರುತ್ತಾಳೆ. ಕಲ್ಲು ತಿರುವುವುದಿಲ್ಲ. ನಮ್ಮೂರ ಹೊಲದಲ್ಲಿ ಕಳೆ ಕೀಳುತ್ತಿರುವ ಯಾವಳೋ ಒಬ್ಬಳು ಅವಳು ಹತ್ತಿದ್ದನ್ನು ಕಂಡಿರುತ್ತಾಳೆ. ಕಳೆ ತೆಗೆಯುವ ಕುರ್ಚಿಗೆಯನ್ನು ಬದುವಿನ ಮೇಲಿಟ್ಟು, ಕೈಯ ಮಣ್ಣು ಒರೆಸಿಕೊಳ್ಳುತ್ತ ಏರಿ ಬಂದು, ಎದುರಿನ ಗೂಟ ಹಿಡಿಯುತ್ತಾಳೆ.