ವೈಡ್ ಬಿದ್ದ ಜಾಗ

ತುಂಗಭದ್ರೆಯ ದಂಡೆಯ ಬಯಲಲ್ಲಿ ಕೊಟ್ರಯ್ಯ ಮೇಷ್ಟ್ರು ಹುಡುಗರಿಗೆ ಕ್ರಿಕೆಟ್ ಬೌಲಿಂಗ್ ಕಲಿಸುತ್ತಿದ್ದರು. ಮಾತು ಕಮ್ಮಿ, ಬೈಗುಳ ಅದಕ್ಕಿಂತ ತುಸು ಜಾಸ್ತಿ.

ಅವರ ಶಿಷ್ಯ ತಿಪ್ಪೇಶನ ವೇಗ ಎಂಥದ್ದೆಂದರೆ, ಚೆಂಡು ಕಣ್ಣಿಗೆ ಬೀಳುವ ಮೊದಲೇ ಸ್ಟಂಪು ಹಾರಿರುತ್ತಿತ್ತು. ಊರಿಗೆ ಊರೇ ಹೊಗಳಿತ್ತು. ಈಗ ಅದೇ ಊರು ನಗುತ್ತಿತ್ತು. ಹುಡುಗ ಎಸೆದದ್ದೆಲ್ಲ ವೈಡ್! ಹಿಂದಿನ ಪಂದ್ಯದಲ್ಲಿ ಅವನ ಓವರ್ ಮುಗಿಯುವ ಲಕ್ಷಣವೇ ಕಾಣದೆ ಕ್ಯಾಪ್ಟನ್ ತಲೆ ಮೇಲೆ ಕೈ ಹೊತ್ತು ನಿಂತುಬಿಟ್ಟಿದ್ದ.

ಭಾನುವಾರ ಜಿಲ್ಲಾ ತಂಡದ ಆಯ್ಕೆ. ಗುರುವಾರ ಬೆಳಿಗ್ಗೆ ತಿಪ್ಪೇಶ ಬಂದು ಚೆಂಡನ್ನು ಮೇಷ್ಟ್ರ ಕಾಲ ಬಳಿ ಇಟ್ಟ.

"ಸಾಕಾಯ್ತು ಸಾರ್. ಕೈ ನನ್ನ ಮಾತು ಕೇಳ್ತಿಲ್ಲ. ಬೌಲಿಂಗ್ ಬಿಟ್ಟುಬಿಡ್ತೀನಿ."

"ಬಿಡುವಿಯಂತೆ. ಮೊದಲು ಪಿಚ್‌ಗೆ ನೀರು ಹಾಕು."

ಹಾಕಿದ.

"ಪಕ್ಕದ ಮಣ್ಣಿಗೂ ಹಾಕು."

"ಅಲ್ಲಿ ಯಾರು ಆಡ್ತಾರೆ ಸಾರ್?"

"ಈಗ ನೀನು ಅಲ್ಲೇ ತಾನೇ ಆಡೋದು? ಹಾಕು, ಲೇ."

ಆಮೇಲೆ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ತಾವೇ ಬ್ಯಾಟ್ ಹಿಡಿದು ನಿಂತರು. ಪ್ಯಾಡಿಲ್ಲ, ಹೆಲ್ಮೆಟ್ಟಿಲ್ಲ.

ತಿಪ್ಪೇಶ ಆರು ಚೆಂಡು ಎಸೆದ. ಒಂದು ಚೆಂಡೂ ಬ್ಯಾಟಿನ ಹತ್ತಿರ ಸುಳಿಯಲಿಲ್ಲ.

"ನೋಡಿದ್ರಾ ಸಾರ್, ನನ್ನ ಹಣೆಬರಹ?"

"ನೋಡಿದೆ. ನೀನೂ ಬಾ, ನೋಡು."

ಒದ್ದೆ ಮಣ್ಣಿನ ಮೇಲೆ ಚೆಂಡು ಬಿದ್ದ ಗುರುತುಗಳು ಎದ್ದು ಕಾಣುತ್ತಿದ್ದವು. ಮೇಷ್ಟ್ರು ಹೆಗಲ ಮೇಲಿನ ಟವೆಲ್ ತೆಗೆದು ಹಾಸಿದರು. ಗುರುತುಗಳೆಲ್ಲ ಅದರಡಿ ಮುಚ್ಚಿಹೋದವು. ಒಂದೂ ಹೊರಗೆ ಉಳಿಯಲಿಲ್ಲ.

"ಗುರಿ ತಪ್ಪಿದವನ ಚೆಂಡು ಹೀಗೆ ಒಂದೇ ಕಡೆ ಬೀಳ್ತದೇನೋ, ಪೆದ್ದ?"

ತಿಪ್ಪೇಶ ಟವೆಲ್ಲಿನ ಅಂಚು ಎತ್ತಿ ಗುರುತುಗಳನ್ನು ಮತ್ತೆ ನೋಡಿದ.

"ನಿನ್ನ ಕೈ ನಿನ್ನ ಮಾತು ಕೇಳ್ತಾ ಇದೆ. ಮನುಷ್ಯ ಇಲ್ಲದ ಕಡೆ ಎಸಿ ಅಂತ ನೀನೇ ಹೇಳ್ತಿದ್ದೀಯ."

ಅಯ್ಯೋ, ಹುಡುಗನಿಗೆ ಅಳು ಬಂದೇಬಿಟ್ಟಿತು. ಮಳೆಗಾಲಕ್ಕೆ ಮುಂಚೆ ಇದೇ ಬಯಲಲ್ಲಿ ಅವನ ಚೆಂಡು ಪುಟಿದು ಗೆಳೆಯ ಅಜ್ಮತ್‌ನ ದವಡೆ ಮುರಿದಿತ್ತು. ಆ ಸದ್ದು ಇನ್ನೂ ಅವನ ಕಿವಿಯಲ್ಲೇ ಇತ್ತು.

"ಅವನನ್ನ ನೋಡೋಕೆ ಹೋಗಿದ್ಯಾ?"

"ಇಲ್ಲ ಸಾರ್. ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರೋದು ಒಂದೇ ಮುಖ. ಅದನ್ನೇ ತಗೊಂಡು ಹೋಗು."

ಹೋದ. ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಅಜ್ಮತ್ ಹೆಲ್ಮೆಟ್ ತೊಟ್ಟು, ಬ್ಯಾಟ್ ಬೀಸುತ್ತ ತಿಪ್ಪೇಶನ ಜೊತೆಗೇ ಬಂದ.

"ಡಾಕ್ಟರು ಆಡು ಅಂದು ತಿಂಗಳಾಯ್ತು ಸಾರ್. ಈ ಮಹರಾಯನೇ ಪತ್ತೆ ಇರಲಿಲ್ಲ."

ತಿಪ್ಪೇಶ ಓಡಿ ಬಂದ. ಮೊದಲ ಚೆಂಡು ಮತ್ತೆ ವೈಡ್.

"ಲೇ, ನಾನು ಇಲ್ಲಿದ್ದೀನಿ!" ಅಜ್ಮತ್ ಸಿಟ್ಟಿನಿಂದ ಬ್ಯಾಟನ್ನು ನೆಲಕ್ಕೆ ಕುಟ್ಟಿದ. "ಹೆದರಿಕೆ ಇದ್ದಿದ್ರೆ ಮನೇಲೇ ಇರ್ತಿದ್ದೆ."

ತಿಪ್ಪೇಶ ಚೆಂಡನ್ನು ಪ್ಯಾಂಟಿಗೆ ಉಜ್ಜಿಕೊಂಡ. ಮತ್ತೆ ಓಡಿ ಬಂದ. ಈ ಸಲ ಚೆಂಡು ಪೂರ್ತಿ ವೇಗದಲ್ಲಿ ನೇರ ಸ್ಟಂಪಿನ ಕಡೆಗೇ ಹೋಯಿತು. ಅಜ್ಮತ್ ಕಾಲು ಮುಂದಿಟ್ಟು ಎಂಥ ಹೊಡೆತ ಹೊಡೆದನೆಂದರೆ, ಚೆಂಡು ಸೀದಾ ಹೊಳೆಗೆ ಬಿತ್ತು.

ತಿಪ್ಪೇಶ ನಗುತ್ತ ಮೇಷ್ಟ್ರ ಹತ್ತಿರ ಓಡಿದ. ಎಷ್ಟೋ ದಿನದ ಮೇಲೆ ಅವನ ಎದೆ ಹಗುರಾಗಿತ್ತು.

"ಸಾರ್, ಸಿಕ್ಸರ್ ಹೊಡೆಸಿಕೊಂಡೆ!"

"ಸದ್ಯ," ಎಂದರು ಮೇಷ್ಟ್ರು. "ಇಷ್ಟು ದಿನ ಎದುರಿಗಿದ್ದವನನ್ನ ಆಡೋಕೇ ಬಿಟ್ಟಿರಲಿಲ್ಲ ನೀನು."